‘ಇನ್’ ಎಂದರೆ ಎಲ್ಲ ಕಡೆ ‘ಇಲ್ಲ’ ಅಲ್ಲ

ತೊನ್ಲೆಸಾಪ್ ಸರೋವರದ ಮೇಲೆ ತೇಲುವ ಮನೆಗಳಿಗೆ ಎಲ್ಲವೂ ದೋಣಿಯಲ್ಲೇ ಬರಬೇಕು. ಅಕ್ಕಿ, ಇದ್ದಿಲು, ಔಷಧಿಯ ಜೊತೆಗೆ ಇಂಗ್ಲಿಷ್ ಅಕ್ಷರದ ಡಬ್ಬಿಗಳೂ ಬರುತ್ತವೆ. ಅವುಗಳ ಮೇಲೆ ಏನು ಬರೆದಿದೆಯೆಂದು ಹೆಚ್ಚಿನ ಮನೆಗಳಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಕೊಲಾಪ್ ಮಾತ್ರ ಕಲಿಯಲು ಹೊರಟಿದ್ದಳು. ಮಧ್ಯಾಹ್ನ ನೀರಿನ ಬೆಳಕು ಚಾವಣಿಯ ಮೇಲೆ ಓಲಾಡುವ ಹೊತ್ತಿಗೆ, ಪಕ್ಕದ ಮನೆಯ ಮಾಲಿಸ್ ಹೆಂಗಸರನ್ನು ಕೂರಿಸಿಕೊಂಡು ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ಒಂದು ಪದ ಕಲಿತರೆ ಅದರ ಸಂಸಾರವೇ ಕೈಗೆ ಬರುತ್ತದೆ ಎನ್ನುತ್ತಿದ್ದಳು. ಸೇಫ್ ಎಂದರೆ ಅಪಾಯವಿಲ್ಲದ್ದು. ಸೇಫ್ಟಿ ಎಂದರೆ ಸುರಕ್ಷತೆ. ಸೇಫ್ಲಿ ಎಂದರೆ ಅಪಾಯವಾಗದ ಹಾಗೆ. ಮುಂದೆ ‘ಅನ್’ ಸೇರಿತೋ, ಅರ್ಥ ತಿರುಗಿಬಿತ್ತು: ಅನ್‌ಸೇಫ್. ಕೆಲವಕ್ಕೆ ‘ಇನ್’ ಸೇರುತ್ತದೆ. ಕರೆಕ್ಟ್ ಎಂದರೆ ಸರಿ, ಇನ್‌ಕರೆಕ್ಟ್ ಎಂದರೆ ತಪ್ಪು.

ಮನೆಗೆ ಬಂದ ಮೇಲೂ ಕೊಲಾಪ್ ಮಗುವಿನ ಜೋಲಿ ತೂಗುತ್ತಾ ಅವನ್ನೇ ಗುನುಗುವಳು. ನೀರು, ಜೋಲಿ, ಪದ ಎಲ್ಲವೂ ಒಂದೇ ಲಯದಲ್ಲಿ ತೂಗುತ್ತಿವೆಯೆಂದು ಅವಳಿಗೆ ಅನ್ನಿಸುತ್ತಿತ್ತು.

ಗಂಡ ವುತ್ಥಿಗೆ ಇದೆಲ್ಲ ತಮಾಷೆ. “ಇಂಗ್ಲಿಷಲ್ಲಿ ಕರೆದ್ರೆ ಮೀನು ಬಲೆಗೆ ಬರ್ತವಾ?” ಎನ್ನುತ್ತಿದ್ದ.

ಒಂದು ಸಂಜೆ ಅವನು ದೋಣಿಯ ಬಣ್ಣ ತೆಳುಮಾಡಲೆಂದು ಒಂದು ಡಬ್ಬಿ ಥಿನ್ನರ್ ತಂದ. ಬಟ್ಟೆಗೆ ಸ್ವಲ್ಪ ಸುರಿದು ಕೈ ಒರೆಸಿಕೊಂಡು, ಡಬ್ಬಿಯನ್ನೂ ಬಟ್ಟೆಯನ್ನೂ ಒಲೆಯ ಪಕ್ಕದಲ್ಲೇ ಇಟ್ಟ. ಕೊಲಾಪ್ ಕೆಂಪು ಅಕ್ಷರಗಳನ್ನು ಕೂಡಿಸಿ ಓದಿದಳು: ಇನ್‌ಫ್ಲೇಮಬಲ್. ಫ್ಲೇಮ್ ಎಂದರೆ ಉರಿ. ಮುಂದೆ ‘ಇನ್’ ಇದೆ. ಹಾಗಾದರೆ ಉರಿಯದ್ದು. ತಾನೇ ಓದಿದ ಖುಷಿಗೆ ಅವಳ ಮೈ ಹಗುರಾಯಿತು. “ಇದಕ್ಕೆ ಬೆಂಕಿ ಹತ್ತಲ್ಲ, ಅಲ್ಲೇ ಇರ್ಲಿ ಬಿಡಿ” ಎಂದಳು.

ಅಷ್ಟರಲ್ಲಿ ಮಾಲಿಸ್ ಉಪ್ಪುಮೀನು ಕೊಡಲು ಬಂದಳು. ಡಬ್ಬಿ ಕಂಡವಳೇ ಅದನ್ನೆತ್ತಿ ತನ್ನ ದೋಣಿಗೆ ಇಳಿಸಿದಳು. ವುತ್ಥಿ ಯಾಕೆಂದು ಕೇಳುವ ಮೊದಲೇ ಒಲೆಯ ಕಿಡಿ ಸಿಡಿದು ಬಟ್ಟೆ ಭಗ್ಗನೆ ಹೊತ್ತಿಕೊಂಡಿತು. ಜೋಲಿ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಅವನು ಹುಟ್ಟುಗೋಲಿನಿಂದ ಬಟ್ಟೆಯನ್ನು ಸರೋವರಕ್ಕೆ ತಳ್ಳಿದ. ಉರಿ ನೀರಿನ ಮೇಲೆ ತುಸು ತೇಲಿ, ಹೂವಿನಂತೆ ಮುದುಡಿ ಆರಿತು. ಮಗು ಮಲಗಿಯೇ ಇತ್ತು.

“ಇನ್ ಅಂದ್ರೆ ಇಲ್ಲ ಅಂತ ನೀವೇ ಹೇಳಿದ್ರಲ್ಲ ಅಕ್ಕ” ಎಂದಳು ಕೊಲಾಪ್. ಮಗುವನ್ನು ಜೋಲಿಯಿಂದ ಎತ್ತಿ ಎದೆಗೊತ್ತಿಕೊಂಡಳು.

“ಎಲ್ಲ ಕಡೆ ಹಾಗಲ್ಲ ಕಣೇ. ಫ್ಲೇಮಬಲ್ ಅಂದ್ರೂ ಬೆಂಕಿ ಹತ್ತೋದೇ, ಇನ್‌ಫ್ಲೇಮಬಲ್ ಅಂದ್ರೂ ಬೆಂಕಿ ಹತ್ತೋದೇ. ಹತ್ತದೆ ಇರೋದಕ್ಕೆ ನಾನ್‌ಫ್ಲೇಮಬಲ್ ಅಂತಾರೆ. ಅಲ್ಲಿವರೆಗೆ ಪಾಠ ಬಂದಿರ್ಲಿಲ್ಲ.”

ವುತ್ಥಿ ಹುಟ್ಟುಗೋಲನ್ನು ಕೆಳಗಿಟ್ಟ. ಆಮೇಲೆ ಹೇಳಿದ: “ಓದು ಬರದ ನಾನು ಒಲೆ ಪಕ್ಕ ಇಟ್ಟೆ. ಅರ್ಧ ಓದಿದವಳು ಅಲ್ಲೇ ಇರ್ಲಿ ಅಂದ್ಲು. ಪೂರ್ತಿ ಕಲ್ಸಿ ಅಕ್ಕ. ನಾನೂ ಬರ್ತೀನಿ.”

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಇಂಥ ಡಬ್ಬಿಗಳಿವೆ. ಪದದ ಮೊದಲಿಗೆ ಏನು ಸೇರಿದೆ, ಕೊನೆಗೆ ಏನು ಸೇರಿದೆ ನೋಡಿ ಓದಲು ಕಲಿಯಿರಿ. ಅರ್ಥವಾಯಿತು ಎನ್ನಿಸಿದರೂ ತಿಳಿದವರನ್ನೊಮ್ಮೆ ಕೇಳಿ. ಕೇಳುವವರೆಗೆ ಡಬ್ಬಿ ಒಲೆಯಿಂದಲೂ ಮಕ್ಕಳಿಂದಲೂ ದೂರವಿರಲಿ.