ಗಂಟೆಗೋಪುರದ ಗಾಜಿನ ಪಟ್ಟಿ

ಗಂಟೆಗೋಪುರದ ಗೋಡೆಗೆ ಅಂಟಿಸಿದ್ದ ಗಾಜಿನ ಪಟ್ಟಿ ಎರಡನೆಯ ಸಲ ಒಡೆದ ದಿನವೇ ನನಗೆ ಅಳಿಯನ ಮೇಲೆ ಅನುಮಾನ ಬಂತು.

ಬೆರಳಗಲದ, ಗೇಣುದ್ದದ ತೆಳು ಗಾಜು ಅದು. ಗೋಪುರ ಚರ್ಚಿಗೆ ಸೇರುವ ಕಡೆ ಗಿಲಾವಿನಲ್ಲಿ ಬಿಟ್ಟಿದ್ದ ಬಿರುಕಿನ ಆ ಕಡೆಗೊಂದು ಈ ಕಡೆಗೊಂದು ಗಾರೆಯ ಮುದ್ದೆ ಇಟ್ಟು, ಮೇಲೆ ಗಾಜು ಕೂರಿಸುತ್ತಾರೆ. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಅದು ತಡೆಯುವುದಿಲ್ಲ. ಗೋಪುರ ಪರೀಕ್ಷಿಸಲು ಬಂದ ಇಂಜಿನಿಯರಮ್ಮ ಚರ್ಚಿನ ಸಭೆಯವರ ಮುಂದೆ ಹೇಳಿದ್ದಳು: "ಒಂದು ಸಲ ಒಡೆದ್ರೆ ಗಾಜಿನ ತಪ್ಪು ಅಂತೀನಿ. ಎರಡು ಸಲ ಒಡೆದ್ರೆ ನನ್ನ ಕೈ ತಪ್ಪು ಅಂತೀನಿ. ಮೂರನೇ ಸಲ ಒಡೆದ್ರೆ ಗೋಪುರ ವಾಲ್ತಾ ಇದೆ ಅಂತಲೇ ಅರ್ಥ. ಕೆಡವಿ ಇಳಿಸಿಬಿಡೋದು."

ಇಳಿಸುವ ಕೆಲಸ ನನ್ನ ಅಳಿಯನಿಗೆ ಅಂತ ಆಗಲೇ ಮಾತಾಗಿತ್ತು. ಅವನು ಕಂಟ್ರಾಕ್ಟರ್.

ಅದು ಹೊರಗಿನಿಂದ ಬಂದು ನಮ್ಮನ್ನಾಳಿದವರು ತಮ್ಮ ದಂಡಿಗಾಗಿ ಕಟ್ಟಿಸಿದ ಆಂಗ್ಲಿಕನ್ ಚರ್ಚು. ಮೊಳಗಟ್ಟಲೆ ದಪ್ಪದ ಗೋಡೆ, ತುದಿ ಚೂಪಾದ ಕಿಟಕಿಗಳು, ದೋಣಿ ಬೋರಲು ಹಾಕಿದಂಥ ಮರದ ಮಾಡು, ಗೋಡೆಗೆ ಹೊರಗಿನಿಂದ ಹೆಗಲು ಕೊಟ್ಟು ನಿಂತ ಆನೆಕಾಲಿನಂಥ ಕಂಬಗಳು. ಗೋಡೆಯ ಮೇಲೆ ಸತ್ತ ಅಧಿಕಾರಿಗಳ ಹೆಸರಿನ ಹಿತ್ತಾಳೆ ಫಲಕಗಳು, ಬೆಂಚುಗಳ ಬೆನ್ನಿಗೆ ಬಂದೂಕು ಒರಗಿಸಲು ಕೊರೆದ ಕಚ್ಚುಗಳು ಈಗಲೂ ಇವೆ. ಮೊಣಕಾಲೂರಿ ಪ್ರಾರ್ಥನೆ ಮಾಡುವಾಗಲೂ ಬೆನ್ನ ಹಿಂದಿನವರನ್ನು ನಂಬದ ಜನ. ಆ ಗುಣ ಗೋಡೆಗೂ ಅಂಟಿತ್ತೋ ಏನೋ, ಆ ವರ್ಷ ಒಳಗೆ ಕಾಲಿಟ್ಟ ನಾವೆಲ್ಲ ಒಬ್ಬರನ್ನೊಬ್ಬರು ವಾರೆಗಣ್ಣಲ್ಲೇ ನೋಡಿದೆವು.

ಚರ್ಚು ಎದ್ದು ಮೂವತ್ತು ವರ್ಷವಾದ ಮೇಲೆ ಯಾವನೋ ಕರ್ನಲ್ ಸತ್ತ ಹೆಂಡತಿಯ ನೆನಪಿಗೆಂದು ಗೋಪುರ ಸೇರಿಸಿದ. ಅದಕ್ಕೆ ಗಾರೆ ಕಲಸಿದ್ದು ನನ್ನ ತಾತ. ಅಪ್ಪ ಅದರ ತೇಪೆ ಕೆಲಸ ನೋಡಿಕೊಂಡ, ಅವನಾದ ಮೇಲೆ ನಾನು. ಆ ಗೋಪುರ ಹೋದರೆ ಇದು ನಮ್ಮ ಮನೆಯವರ ಕೈಕೆಲಸ ಎಂದು ಬೆರಳು ಮಾಡಿ ತೋರಿಸಲು ನಮಗೆ ಇನ್ನೇನೂ ಉಳಿಯುವುದಿಲ್ಲ.

ಹಾಗಾಗಿ ಬೀಗದಣ್ಣನನ್ನು ಹಿಡಿದೆ. ಚರ್ಚಿನ ಕೀಲಿಗೊಂಚಲು ಸದಾ ಅವನ ಸೊಂಟದಲ್ಲಿರುವುದರಿಂದ ಎಲ್ಲರ ಬಾಯಲ್ಲೂ ಅವನು ಬೀಗದಣ್ಣ.

"ಈ ವಾರ ಒಳಗೆ ಯಾರ್‍ಯಾರು ಬಂದಿದ್ರು?"

"ನೀವು. ಇಂಜಿನಿಯರಮ್ಮ. ನಿಮ್ಮಳಿಯ."

"ಅವನ್ಯಾಕೆ?"

"ಅಳತೆಗೆ ಅಂದ."

"ಜೇಬಲ್ಲಿ ಸುತ್ತಿಗೆ ಇತ್ತಾ?"

"ಕಂಟ್ರಾಕ್ಟರ್ ಜೇಬಲ್ಲಿ ಸುತ್ತಿಗೆ ಇರದೆ ಬಾಚಣಿಗೆ ಇರುತ್ತಾ? ಅವನ ತಲೇಲಿ ಬಾಚೋಕೆ ಏನಿದೆ?" ಎಂದು ನಕ್ಕವನು ಆಮೇಲೆ ದನಿ ತಗ್ಗಿಸಿದ. "ನನ್ನ ಕೇಳಿದ್ರೆ ನಿಮ್ಮ ಮೇಲೂ ಒಂದು ಕಣ್ಣಿಡಬೇಕು. ದಿನಾ ಬಂದು ಆ ಗಾಜು ಸವರ್ತೀರಿ."

ಮನೆಯಲ್ಲೂ ಅದೇ ಕಥೆ. ಊಟಕ್ಕೆ ಕೂತಾಗ ಅಳಿಯನ ಕೈಗಳನ್ನೇ ನೋಡುತ್ತಿದ್ದೆ, ಗಾಜು ಗೀರಿದ ಗುರುತು ಏನಾದರೂ ಇದೆಯೋ ಎಂದು.

"ಅಪ್ಪ, ತಟ್ಟೆ ನೋಡ್ಕೊಂಡು ಉಣ್ಣು," ಎಂದಳು ಮಗಳು.

"ಬಿಡೇ, ನೋಡ್ಲಿ," ಎಂದ ಅಳಿಯ. "ನಾನೂ ಮಾವನ ಚೀಲ ನೋಡ್ತಾ ಇದ್ದೀನಿ. ಅದರೊಳಗೆ ಹೊಸ ಗಾಜು ಏನಾದ್ರೂ ಇದೆಯಾ ಅಂತ. ಒಡೆದದ್ದು ತೆಗೆದು ಹೊಸದು ಕೂರಿಸೋದು ಇವರಿಗೇನು ದೊಡ್ಡ ಕೆಲಸ?"

ಚೀಲವನ್ನು ಕಾಲಿಂದ ಹತ್ತಿರಕ್ಕೆ ಎಳೆದುಕೊಂಡೆ. ಆ ಯೋಚನೆ ನನಗೆ ಬಂದೇ ಇರಲಿಲ್ಲ ಎಂದರೆ ಸುಳ್ಳಾದೀತು.

ಮೂರನೆಯ ಗಾಜು ಅಂಟಿಸಿದ ಮೇಲೆ ಬಾಗಿಲು ತೆಗೆದಾಗಿನಿಂದ ಮುಚ್ಚುವವರೆಗೆ ಹಿಂದಿನ ಬೆಂಚಿನಲ್ಲಿ ಕಾವಲು ಕೂತೆ. ಎರಡನೇ ದಿನ ಅಳಿಯನೂ ಬಂದು ಎದುರು ಸಾಲಿನಲ್ಲಿ ಕೂತ. ನಾನು ಕೆಮ್ಮಿದರೆ ಅವನು ಕತ್ತೆತ್ತುತ್ತಿದ್ದ, ಅವನು ಜೇಬಿಗೆ ಕೈ ಹಾಕಿದರೆ ನಾನು ಏಳುತ್ತಿದ್ದೆ. "ಇಬ್ಬರೂ ಇಷ್ಟು ಭಕ್ತರು ಅಂತ ಗೊತ್ತೇ ಇರ್ಲಿಲ್ಲ," ಎಂದ ಬೀಗದಣ್ಣ.

ಒಂಬತ್ತನೆಯ ದಿನ, ಬಿಸಿಲು ನೆತ್ತಿಗೇರಿದ ಹೊತ್ತು. ನಾನು ನನ್ನ ಬೆಂಚಿನಲ್ಲಿ, ಅವನು ಅವನ ಬೆಂಚಿನಲ್ಲಿ. ಗಾಜಿನ ಹತ್ತಿರ ಒಂದು ನೊಣವೂ ಇರಲಿಲ್ಲ. ಟಿಣ್ ಎಂದಿತು. ಹೋಗಿ ನೋಡಿದರೆ ಗಾಜಿನ ನಡುವೆ ಸೀಳು.

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಅನುಮಾನ ಇಟ್ಟುಕೊಳ್ಳಲು ಇಬ್ಬರಿಗೂ ಜಾಗವೇ ಉಳಿಯಲಿಲ್ಲ.

ಹೊರಗೆ ಹೋಗಿ ಗೋಡೆಗೆ ಅಂಗೈ ಇಟ್ಟೆ. ಬಿಸಿಯಾಗಿತ್ತು. ಆಗ ತಾತನ ಮಾತು ನೆನಪಿಗೆ ಬಂತು. ಮರೆತಿದ್ದೆ ಎಂದಲ್ಲ, ನೆನೆಯಲು ಮನಸ್ಸಿರಲಿಲ್ಲ. "ಚರ್ಚಿನ ಗೋಡೆ ಬೇರೆ, ಗೋಪುರದ ಗೋಡೆ ಬೇರೆ. ಮಧ್ಯೆ ಬೆರಳು ಸಂದಿ ಬಿಟ್ಟಿದ್ದೀವಿ. ಬಿಸಿಲಿಗೆ ಎರಡೂ ಮೈ ಉಬ್ಬಿಸ್ತವೆ, ಸರಿಯೋಕೆ ಜಾಗ ಬೇಕು. ಅದನ್ನ ಮಾತ್ರ ಮುಚ್ಚಬೇಡ."

ಇಪ್ಪತ್ತೆರಡು ವರ್ಷದ ಹಿಂದೆ ನಾನು ಅದನ್ನು ಮುಚ್ಚಿದ್ದೆ. ಆಗಿನ ಪಾದ್ರಿಗಳು ಸಂದಿಯಿಂದ ಗಾಳಿ ಬಂದು ಪುಸ್ತಕದ ಹಾಳೆ ಹಾರುತ್ತದೆ ಎಂದಿದ್ದರು. ಚಳಿಗಾಲದಲ್ಲಿ, ಸಂದಿ ಚೆನ್ನಾಗಿ ಬಾಯಿಬಿಟ್ಟಿದ್ದಾಗ, ಸಿಮೆಂಟು ತುಂಬಿ ಮೇಲೆ ಗಿಲಾವು ಎಳೆದೆ. ಸುಣ್ಣದ ಗೋಡೆಗೆ ಬಗ್ಗದ ಸಿಮೆಂಟು; ಬೇಸಿಗೆಯಲ್ಲಿ ಗೋಡೆಗಳಿಗೆ ಸರಿಯಲು ಜಾಗವೇ ಇಲ್ಲ. ಗಾಳಿ ನಿಂತಿತು, ಪಾದ್ರಿಗಳು ಬೆನ್ನು ತಟ್ಟಿದರು, ನಾನು ಉಬ್ಬಿದೆ.

ಇಂಜಿನಿಯರಮ್ಮ ಬಂದು ಒಡೆದ ಗಾಜು ನೋಡಿ ಪುಸ್ತಕ ತೆಗೆದಳು.

"ಬರೀಬೇಡಿ ತಾಯಿ," ಎಂದೆ. "ಮೊದಲು ಆ ಗಿಲಾವು ಕೆತ್ತಿಸಿ."

"ಅಲ್ಲೇನಿದೆ?" ಎಂದ ಅಳಿಯ.

"ಕೆತ್ತು."

ಕೆತ್ತಿದ. ಗಿಲಾವು ಉದುರಿದ ಹಾಗೆ ಒಂದು ಕಡೆ ಚರ್ಚಿನ ತೆಳು ಇಟ್ಟಿಗೆ, ಇನ್ನೊಂದು ಕಡೆ ಗೋಪುರದ ದಪ್ಪ ಇಟ್ಟಿಗೆ, ನಡುವೆ ತೂಗುಗುಂಡು ಬಿಟ್ಟಷ್ಟು ನೇರವಾದ ಗೆರೆ, ಗೆರೆಯ ತುಂಬ ಬೂದು ಸಿಮೆಂಟು. ಎದೆಮಟ್ಟದಲ್ಲಿ ಒಂದು ಹೆಬ್ಬೆರಳ ಗುರುತು. ನನಗೆ ಸಹಿ ಹಾಕಲು ಸರಿಯಾಗಿ ಬರದು. ಕೆಲಸ ಮುಗಿದ ಕಡೆ ಹಸಿ ಗಾರೆಯಲ್ಲಿ ಹೆಬ್ಬೆರಳು ಒತ್ತುವುದು ಅಭ್ಯಾಸ. ಇಟ್ಟಿಗೆ ಬಿದ್ದು ಸೀಳಿದ ಬೆರಳು, ಇನ್ನೊಬ್ಬರದಾಗಲು ಸಾಧ್ಯವಿಲ್ಲ.

ಅಳಿಯ ನನ್ನ ಕೈ ಹಿಡಿದು ಆ ಗುಳಿಗೆ ಕೂರಿಸಿದ. ಸರಿಯಾಗಿ ಕೂತಿತು.

"ಇಷ್ಟು ದಿನ ನನ್ನ ಜೇಬು ನೋಡ್ತಿದ್ರಿ ಮಾವ," ಎಂದನಷ್ಟೆ.

ಇಂಜಿನಿಯರಮ್ಮ ಗೆರೆಯುದ್ದಕ್ಕೂ ಬೆರಳಾಡಿಸಿದಳು. "ಗೋಡೆ ಬಿರುಕು ಬಿಟ್ಟಿದ್ರೆ ಇಟ್ಟಿಗೆ ಸಂದಿ ಹಿಡ್ಕೊಂಡು ಮೆಟ್ಟಿಲು ಮೆಟ್ಟಿಲಾಗಿ ಹೋಗ್ಬೇಕಿತ್ತು. ಇದು ಬಿಟ್ಟ ಸಂದೀನೇ. ಆದ್ರೂ ಮೇಸ್ತ್ರಿ, ನಿಮ್ಮ ಮಾತು ನಂಬಲ್ಲ. ಗಾಜನ್ನ ನಂಬ್ತೀನಿ. ಸಿಮೆಂಟು ತೆಗೆಸಿ. ಈ ಸಲ ಪಟ್ಟಿ ಸಂದಿಗಲ್ಲ, ಗೋಪುರದ ಸ್ವಂತ ಮೈಗೆ ಹಾಕ್ತೀನಿ. ಒಂದು ವರ್ಷ ನೋಡೋಣ."

ನಾನೂ ಅಳಿಯನೂ ಸೇರಿ ಹನ್ನೊಂದು ದಿನ ಉಳಿ ಹಿಡಿದು ಆ ಸಿಮೆಂಟು ಬಿಡಿಸಿದೆವು. ಸುಣ್ಣದ ನೀರಲ್ಲಿ ಅದ್ದಿದ ನಾರಿನ ಹಗ್ಗ ಸಂದಿಗೆ ತುರುಕಿದೆವು, ಗಾಳಿಗೂ ತಡೆ, ಗೋಡೆಗೂ ಜಾಗ. ಬೇಸಿಗೆ ಹೋಯಿತು, ಚಳಿ ಬಂತು, ಮತ್ತೆ ಬೇಸಿಗೆ. ಗೋಪುರದ ಮೈಮೇಲಿನ ಪಟ್ಟಿ ಇಟ್ಟ ಹಾಗೇ ಇತ್ತು. ಇಳಿಸುವ ಮಾತು ಬಿದ್ದುಹೋಯಿತು.

ಆ ದಿನ ಅಳಿಯ ಸುತ್ತಿಗೆಯ ಹಿಡಿಯಿಂದ ಗೋಡೆಯನ್ನು ಅಲ್ಲಲ್ಲಿ ತಟ್ಟುತ್ತಾ, ಕಿವಿಗೊಡುತ್ತಾ ನಡೆದ.

"ನಿಜ ಹೇಳಿ ಮಾವ. ಇನ್ನೆಲ್ಲೆಲ್ಲಿ ಹೆಬ್ಬೆರಳು ಒತ್ತಿದ್ದೀರಿ?"

ಅವನ ಕೈಯಿಂದ ಸುತ್ತಿಗೆ ಇಸಿದುಕೊಂಡು, ಹಿತ್ತಾಳೆ ಫಲಕಗಳಿದ್ದ, ನಾನೇ ಸಿಮೆಂಟು ಮೆತ್ತಿದ್ದ ಗೋಡೆಯ ಕಡೆಗೆ ನಾನೇ ಮುಂದಾಗಿ ನಡೆದೆ.