ಬಂಡೆ ಕೊರೆಯಲು ಅನುಮತಿ ಇಲ್ಲ

ಗಣಿ ಕಂಪನಿಯವರು ಮೇ ತಿಂಗಳ ಒಂದು ಮಂಗಳವಾರ ಔನೆಯ ಮಗಳ ಗೋರಿ ಅಗೆದು, ಪೆಟ್ಟಿಗೆಯನ್ನು ಲಾರಿಗೆ ಹಾಕಿಕೊಂಡು ಹೋಗಿ, ಆರು ಕಿಲೋಮೀಟರ್ ಆಚೆಯ ಗುಡ್ಡದ ಮೇಲೆ ಹೂತರು. ಆ ಮಗಳು, ಎಲ್ನಾ, ಸತ್ತಾಗ ಅವಳಿಗೆ ಒಂಬತ್ತು ವರ್ಷ. ಸತ್ತು ಇಪ್ಪತ್ತೆರಡು ವರ್ಷವಾಗಿತ್ತು.

ಹಳೆಯ ಊರಿನ ಅಡಿಯಲ್ಲಿ ಕಬ್ಬಿಣದ ಅದಿರಿತ್ತು. ಅದಿರು ತೆಗೆದಂತೆಲ್ಲ ಮೇಲಿನ ನೆಲ ಕುಸಿಯುತ್ತ ಬಂತು. ಸ್ವೀಡನ್ನಿನ ಈ ಉತ್ತರದ ತುದಿಯಲ್ಲಿ ಊರು ಎದ್ದು ಗಣಿಗೆ ದಾರಿ ಬಿಡಬೇಕೇ ಹೊರತು ಗಣಿ ಎಂದೂ ಊರಿಗೆ ದಾರಿ ಬಿಟ್ಟದ್ದಿಲ್ಲ. ಕಂಪನಿ ಸತ್ತವರಿಂದಲೇ ಶುರುಮಾಡಿತು. ಸತ್ತವರು ಸಭೆಗೆ ಬಂದು ಕುರ್ಚಿ ತಳ್ಳಿ ಎದ್ದು ನಿಲ್ಲುವುದಿಲ್ಲವಲ್ಲ. ಬದುಕಿದ್ದವರಿಗೆ ಅದೇ ಗುಡ್ಡದ ಮೇಲೆ, ಹೊಸ ಸ್ಮಶಾನದ ಪಕ್ಕದಲ್ಲಿ, ಹನ್ನೊಂದು ಮನೆ. ಗೋರಿ ಎತ್ತುವ ಕಾಗದಕ್ಕೆ ಔನೆ ಸಹಿ ಹಾಕಿದ್ದು ಯೋಟೆಯ ಒಂದು ಮಾತಿನ ಮೇಲೆ. "ಇದೇ ಕೊನೆ ಔನೆ. ಇನ್ನು ಯಾರೂ ಅವಳನ್ನ ಮುಟ್ಟಲ್ಲ." ಯೋಟೆ ಶಾಲೆಯಲ್ಲಿ ಅವಳ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ಈಗ ಕಂಪನಿಯ ಸಂಬಳ ತಿಂದು ಊರವರನ್ನು ಒಪ್ಪಿಸುವ ಕೆಲಸ ಅವನದು.

ಔನೆ ಮೂವತ್ತು ವರ್ಷದಿಂದ ಜೆಸಿಬಿ ಓಡಿಸುವವಳು. ಹನ್ನೊಂದು ಮನೆಯ ಅಗೆತವೂ ಅವಳಿಗೇ ಬಂದಿತ್ತು, ತನ್ನ ಮನೆಯದೂ ಸೇರಿ. ಸೆಪ್ಟೆಂಬರ್ ಕೊನೆಗೆ ಗೋಡೆ ಎದ್ದು, ಮಾಡು ಕೂತು, ಉಳಿದದ್ದು ಮನೆ ಬಿಸಿ ಮಾಡುವ ಏರ್ಪಾಡೊಂದೇ. ಆ ಕಡೆ ಮನೆಗಳು ನೆಲದ ಶಾಖದಿಂದಲೇ ಬೆಚ್ಚಗಿರುತ್ತವೆ. ಹೆಪ್ಪುಗಟ್ಟದ ದ್ರವ ತುಂಬಿದ ಕೊಳವೆ ನೆಲದೊಳಗೆ ಸುತ್ತಿ ಬಂದು ಅಲ್ಲಿನ ಅಷ್ಟಿಷ್ಟು ಬಿಸಿಯನ್ನು ಹೊತ್ತು ತರುತ್ತದೆ. ಮನೆಯೊಳಗಿನ ಪಂಪು ಅದನ್ನು ಹೆಚ್ಚಿಸಿ ಕೋಣೆಗಳಿಗೆ ಹಂಚುತ್ತದೆ. ಕೊಳವೆ ಹೂಳುವ ದಾರಿ ಎರಡು. ಅಂಗಳದಲ್ಲಿ ಮೀಟರ್ ಆಳಕ್ಕೆ ಹಾವಿನ ಹಾಗೆ ಹಾಸಬೇಕು, ಇಲ್ಲವೇ ಬಂಡೆಯನ್ನು ನೂರೆಂಬತ್ತು ಮೀಟರ್ ನೆಟ್ಟಗೆ ಕೊರೆದು ಇಳಿಬಿಡಬೇಕು.

ಯಾವುದು ಎಂಬುದನ್ನು ಔನೆ ಕಾಗದ ನೋಡಿ ತೀರ್ಮಾನಿಸುವವಳಲ್ಲ. ಕಬ್ಬಿಣದ ಸರಳು ಹಿಡಿದು ಅಂಗಳದ ಉದ್ದಗಲ ನಡೆದು, ಹತ್ತು ಹೆಜ್ಜೆಗೊಮ್ಮೆ ಸುತ್ತಿಗೆಯಿಂದ ಇಳಿಸಿ, ಎಳೆದು, ತುದಿಯನ್ನು ಬೆರಳಲ್ಲಿ ಸವರಿ ನೋಡಿದಳು. ತೇವದ ಮಣ್ಣು ಅಂಟಿ ಬಂದರೆ ಕೊಳವೆ ಹಾಸಬಹುದು. ಇಲ್ಲಿ ಸರಳು ಹೋದಷ್ಟೇ ಚೊಕ್ಕಟವಾಗಿ ವಾಪಸು ಬಂತು. ಬರೀ ಒಣ ಜಲ್ಲಿ, ಬಿಸಿ ಹಿಡಿದಿಡದ ನೆಲ. ಇಂಥದೇ ಜಲ್ಲಿಯಲ್ಲಿ ಒಮ್ಮೆ ಶಾಲೆಯ ಟೀಚರ್ ವಾಲ್‌ಬೊರ್ಗ್ ಮನೆಗೆ ಅವಳೇ ಕೊಳವೆ ಹಾಸಿಕೊಟ್ಟಿದ್ದಳು. ಚಳಿಗಾಲವೆಲ್ಲ ಪಂಪು ನೆಲದ ಬಿಸಿಯನ್ನು ಹೀರಿ ಹೀರಿ, ಜೂನ್ ತಿಂಗಳಲ್ಲಿ ಆಲೂಗಡ್ಡೆ ನೆಡಲು ಹೋದ ಟೀಚರ್ ಗುದ್ದಲಿ ಐಸಿಗೆ ಬಡಿದು ಠಣ್ ಎಂದಿತ್ತು. ಆ ತಪ್ಪನ್ನು ಔನೆ ಇನ್ನೊಮ್ಮೆ ಮಾಡುವವಳಲ್ಲ. ಬಂಡೆ ಕೊರೆಯುವ ಗಾಡಿಗೆ ಹೇಳಿಕಳಿಸಿದಳು.

ಗಾಡಿ ಬಂತು, ಗೇಟಿನಿಂದಲೇ ವಾಪಸು ಹೋಯಿತು. ಮಾರನೆಯ ದಿನ ಪುರಸಭೆಯ ಪತ್ರ ಬಂತು. ಅದರ ಹಿಂದೆಯೇ, ಮಧ್ಯಾಹ್ನದ ಹೊತ್ತಿಗೆ, ನಕ್ಷೆ ಸುರುಳಿ ಸುತ್ತಿಕೊಂಡು ಯೋಟೆ ಬಂದ.

"ಏನೋ, ಗಾಡಿನ ಗೇಟಲ್ಲೇ ತಿರುಗಿಸಿದ್ಯಂತೆ?"

"ನಾನಲ್ಲ ಮಾರಾಯ್ತಿ. ಪುರಸಭೆ."

"ಪುರಸಭೆ ಉಸಿರಾಡೋಕೆ ಯಾರನ್ನ ಕೇಳುತ್ತೆ? ನಿಮ್ಮನ್ನೇ ತಾನೆ?"

"ಕಾಫಿ ಕೊಡ್ತೀಯೋ, ವಿಚಾರಣೆ ಮಾಡ್ತೀಯೋ?"

"ಎರಡೂ. ಕೂತ್ಕೋ."

ಹಲಗೆಯ ರಾಶಿಯ ಮೇಲೆ ಇಬ್ಬರೂ ಕೂತರು. ಔನೆ ಆ ಕಡೆಯ ರೂಢಿಯಂತೆ ಲೋಟದಲ್ಲಿ ಗಿಣ್ಣಿನ ತುಂಡು ಹಾಕಿ ಮೇಲೆ ಬಿಸಿ ಕಾಫಿ ಸುರಿದಳು. ಯೋಟೆ ಮೊಣಕಾಲ ಮೇಲೆ ನಕ್ಷೆ ಬಿಡಿಸಿದ.

"ಮೀಟರ್ ಆಳ, ಆರುನೂರು ಮೀಟರ್ ಕೊಳವೆ. ಹನ್ನೊಂದು ಮನೆಗೂ ಇದೇ."

"ಇದು ಜಲ್ಲಿ ಕಣೋ. ನಿನ್ನ ತಲೆ ಥರ. ಮೇಲೂ ಏನಿಲ್ಲ, ಒಳಗೂ ಏನಿಲ್ಲ."

ಯೋಟೆ ಬೋಳುತಲೆ ಸವರಿಕೊಂಡು ನಕ್ಕ. "ಆಯ್ತು, ಎಂಟುನೂರು ಮಾಡೋಣ. ಸಾವಿರ ಬೇಕಾ? ಸಾವಿರ ಹಾಕು. ಎಲ್ಲಾ ಕಂಪನಿದೇ."

ಔನೆ ಲೋಟವನ್ನು ಹಲಗೆಯ ಮೇಲಿಟ್ಟಳು. ಒಂದು ಮೊಳೆ ಹೆಚ್ಚಿಗೆ ಕೇಳಿದರೆ ಮೂರು ಅರ್ಜಿ ಬರೆಸುವ ಜನ ಇವರು.

"ಉದ್ದಕ್ಕೆ ಕೇಳಿದಷ್ಟೂ ಕೊಡ್ತೀರಿ. ಆಳಕ್ಕೆ ಮಾತ್ರ ಯಾಕೋ ಕೊಡಲ್ಲ?"

ಯೋಟೆ ಕಾಫಿ ಊದಿದ. ಔನೆ ಜೇಬಿನಿಂದ ಪತ್ರ ತೆಗೆದು ಗಟ್ಟಿಯಾಗಿ ಓದಿದಳು. "'ಮುಂದಿನ ಶಿಲಾ ಕಾಮಗಾರಿಯ ಹಿತದೃಷ್ಟಿಯಿಂದ ಈ ಗುಡ್ಡದಲ್ಲಿ ಹತ್ತು ಮೀಟರಿಗಿಂತ ಆಳ ಕೊರೆಯುವಂತಿಲ್ಲ.' ಯಾವ ಕಾಮಗಾರಿ?"

"ಅದು ಸುಮ್ನೆ ಹಾಗೆ ಬರೀತಾರೆ ಬಿಡು."

"ನಮ್ಮ ಕಾಲಡಿ ಏನಿದೆ ಯೋಟೆ?"

ಅವನು ಚಮಚದಿಂದ ಲೋಟದ ತಳದ ಗಿಣ್ಣನ್ನು ಹುಡುಕಿದ. ಸಿಕ್ಕಿತು. ತಿನ್ನಲಿಲ್ಲ.

"ಹಳೇ ಅದಿರೇ," ಎಂದ. "ಓರೆಯಾಗಿ ಈ ಕಡೆಗೇ ಇಳಿದಿದೆ. ಇವತ್ತಲ್ಲ, ನಾಳೆಯಲ್ಲ ಔನೆ. ಇನ್ನೂ ಇಪ್ಪತ್ತು ವರ್ಷ. ಅಷ್ಟರಲ್ಲಿ ನಿನಗೆ ಎಂಬತ್ತಾಗಿರುತ್ತೆ. ನಿನಗೇನು ಹೋಗೋದು?"

"ಎಲ್ನಾಗೆ ಎಷ್ಟಾಗಿರುತ್ತೆ?"

ಯೋಟೆ ನಕ್ಷೆಯ ಅಂಚು ಸರಿಮಾಡಿದ.

"ಹೇಳೋ. ಲೆಕ್ಕದಲ್ಲಿ ನೀನೇ ಮುಂದೆ ಇದ್ದವನು. ಅವಳಿಗೆ ಆಗಲೂ ಒಂಬತ್ತೇ. ಆಗಲೂ ಲಾರಿ ತರ್ತೀರಾ?"

"ನನ್ನ ಕೈಲಿ ಏನಿದೆ ಹೇಳು."

"ನಿನಗೆ ಯಾವಾಗ ಗೊತ್ತಾಯ್ತು?"

"ಏಪ್ರಿಲ್‌ನಲ್ಲಿ."

ಸಹಿ ಹಾಕಿಸಿಕೊಂಡದ್ದು ಏಪ್ರಿಲ್ ಕೊನೆಗೆ, ಅವಳ ಅಡುಗೆಮನೆಯಲ್ಲಿ, ಅವಳದೇ ಪೆನ್ನಿನಲ್ಲಿ. ಅವತ್ತು ಅವನ ಕಣ್ಣಲ್ಲಿ ನೀರು ಬಂದಿತ್ತು. ಅವಳೇ ಒರೆಸಿಕೋ ಎಂದು ಬಟ್ಟೆ ಕೊಟ್ಟಿದ್ದಳು.

ಔನೆ ನಕ್ಷೆಯನ್ನು ನೋಡಿದಳು. ಮೀಟರ್ ಆಳ ಎಂದರೇನು? ಡೇರೆಯ ಗೂಟದ ಆಳ. ಇನ್ನೊಮ್ಮೆ ಎಬ್ಬಿಸಬೇಕಾದವರಿಗೆ ಯಾರೂ ಬೇರು ಇಳಿಯಗೊಡುವುದಿಲ್ಲ. ಕಂಪನಿಗೆ ಬಂಡೆ ತೂತಿಲ್ಲದೆ ಬೇಕು, ಬಂಡೆಯ ಮೇಲಿನ ಜನ ಬಾಯಿಲ್ಲದೆ ಬೇಕು. ಇಪ್ಪತ್ತು ಚಳಿಗಾಲ ಐಸಿನ ಮೇಲೆ ಕೂತು ನಡುಗಿ, ಆಮೇಲೆ ಗೋರಿ ಎತ್ತಿಕೊಂಡು ಮುಂದಿನ ಗುಡ್ಡಕ್ಕೆ ನಡೆಯಬೇಕು.

"ಉಳಿದ ಹತ್ತು ಮನೆಯವರಿಗೆ ಗೊತ್ತಾ?"

"ಇಲ್ಲ. ನೀನೂ ಹೇಳೋಕೆ ಹೋಗ್ಬೇಡ." ಯೋಟೆ ಎದ್ದು ಪ್ಯಾಂಟಿಗೆ ಅಂಟಿದ ಮರದ ಹೊಟ್ಟು ಕೊಡವಿಕೊಂಡ. ಅವನ ದನಿ ಈಗ ಕಚೇರಿಯ ದನಿಯಾಗಿತ್ತು. "ನಾಳೆ ಕೊಳವೆ ಬರುತ್ತೆ. ಮುಂದಿನ ವಾರ ನೆಲ ಹೆಪ್ಪುಗಟ್ಟಿದ್ರೆ ಯಾರ ಕೈಲೂ ಆಗಲ್ಲ. ಮೊದಲು ನಿನ್ನ ಅಂಗಳದಿಂದ ಶುರುಮಾಡು. ನೀನು ನೆಲ ಬಲ್ಲವಳು ಅಂತ ಎಲ್ರಿಗೂ ಗೊತ್ತು. ಔನೆಯೇ ತೋಡಿದಳು ಅಂದ್ರೆ ಒಬ್ಬನೂ ಪ್ರಶ್ನೆ ಕೇಳಲ್ಲ."

"ಅದಕ್ಕೇ ನನಗೆ ಕೆಲಸ ಕೊಟ್ರಾ?"

ಯೋಟೆ ಜೆಸಿಬಿಯ ಕಡೆ ಕೈ ತೋರಿಸಿದ. "ಗಾಡಿ ಹತ್ತು ಔನೆ."

ಸ್ಮಶಾನದ ಕಡೆಯಿಂದ ಗಾಳಿ ಬೀಸಿತು. ಔನೆ ಲೋಟದಲ್ಲಿ ಉಳಿದದ್ದನ್ನು ಜಲ್ಲಿಯ ಮೇಲೆ ಚೆಲ್ಲಿದಳು.

"ಹತ್ತಲ್ಲ," ಎಂದಳು. "ನನ್ನ ಅಂಗಳವೂ ತೋಡಲ್ಲ, ಅವರದ್ದೂ ತೋಡಲ್ಲ."