ಎರಡು ತೊತೊಲ್

"ಇವನ್ನ ತಗೊಂಡು ಈಗಲೇ ಹೊರಗೆ ನಡೀರಿ!"

ಕ್ರೆಸೆನ್ಸಿಯೊನ ಕೂಗಿಗೆ ಅಂಗಳದಲ್ಲಿ ಕೂತಿದ್ದ ನೆಂಟರೆಲ್ಲ ತಿರುಗಿ ನೋಡಿದರು. ತನ್ನ ಮಗ ಫಿದೆನ್ಸಿಯೊನಿಗೆ ಹೆಣ್ಣು ಕೇಳಲು ಬೆಟ್ಟದ ಮೇಲಿನ ಊರಿಂದ ನಡೆದು ಬಂದಿದ್ದ ಎರ್ಮೆಲಿಂದಾ ಎರಡು ಕಂಕುಳಲ್ಲಿ ಎರಡು ಕೋಳಿ ಅವುಚಿಕೊಂಡು ನಿಂತೇ ಇದ್ದಳು. ಅವಳೇ ಜೋಳ ಹಾಕಿ ಕೊಬ್ಬಿಸಿದ ಹೇಂಟೆಗಳು. ಕಾಲಿಗೆ ಕೆಂಪು ರಿಬ್ಬನ್ನು ಬೇರೆ.

"ನೀವೇ ಹೇಳಿಕಳಿಸಿದ್ರಲ್ಲ ಯಜಮಾನ್ರೇ, ಎರಡು ತೊತೊಲ್ ತನ್ನಿ ಅಂತ. ತಂದಿದೀನಿ. ಎತ್ತಿ ನೋಡಿ, ಎಷ್ಟು ಭಾರ ಇದಾವೆ."

"ಇದು ತೊತೊಲ್ಲಾ? ಕತ್ತಲ್ಲಿ ಕೆಂಪು ಜೋಲು ಎಲ್ಲಿದೆ? ನಿಮ್ಮೂರಲ್ಲಿ ಬೆಕ್ಕಿಗೂ ಹುಲಿ ಅಂತೀರೇನಮ್ಮ?"

ಕ್ರೆಸೆನ್ಸಿಯೊನ ಮನೆಮಾತು ತೊತೊನಾಕ್, ಎರ್ಮೆಲಿಂದಾಳದು ನಾವಾತ್ಲ್; ಎರಡೂ ಮೆಕ್ಸಿಕೋದ ಹಳೆಯ ಭಾಷೆಗಳು. ಬೀಗರಾಗುವವರಿಗೆ ಅನುಕೂಲವಾಗಲೆಂದು ಅವನು ಕೆಳಗಿನ ಕಣಿವೆಯ ವ್ಯಾಪಾರಿಗಳಿಂದ ಕಲಿತ ನಾವಾತ್ಲ್‌ನಲ್ಲೇ ಹೇಳಿಕಳಿಸಿದ್ದ. ಆ ಕಣಿವೆಯಲ್ಲಿ ತೊತೊಲ್ ಎಂದರೆ ಟರ್ಕಿ ಕೋಳಿ. ಎರ್ಮೆಲಿಂದಾಳ ಊರಿನಲ್ಲಿ ಅದೇ ಮಾತಿಗೆ ಮನೆಯ ಸಾದಾ ಕೋಳಿ ಎಂದು ಅರ್ಥ. ಭಾಷೆ ಒಂದೇ, ನಡುವೆ ಒಂದು ಬೆಟ್ಟ ಅಷ್ಟೆ. ಅದಕ್ಕಿಂತ ಕೆಟ್ಟದ್ದೆಂದರೆ, ತೊತೊನಾಕರು ಸಾದಾ ಕೋಳಿಯನ್ನು ಶ್ತಿಲಾನ್ ಎನ್ನುತ್ತಾರೆ, ಅಂದರೆ ಸ್ಪೇನಿನ ಕಸ್ತೀಲಿಯದ್ದು ಎಂದು. ಸ್ಪೇನಿನವರ ಹಡಗಿನಲ್ಲಿ ಬಂದ ಹಕ್ಕಿ ಕೊಟ್ಟು ಮಗಳನ್ನು ಕೇಳಿದರೆ ಯಾವ ಅಪ್ಪನಿಗೆ ಮೈ ಉರಿಯುವುದಿಲ್ಲ?

"ನನ್ನ ಮಗಳು ಒಬ್ದುಲಿಯಾಗೆ ಪರದೇಶಿ ಹಕ್ಕಿ! ನೆಂಟರ ಮುಂದೆ ನನ್ನ ಮಾನ ತೆಗೆದ್ರಿ. ಅವಳ ಸೋದರತ್ತೆ ಮಧ್ಯಾಹ್ನದ ಬಸ್ಸಿಗೆ ಪಟ್ಟಣಕ್ಕೆ ಹೋಗ್ತಾಳೆ. ಒಬ್ದುಲಿಯಾನೂ ಜೊತೇಲಿ ಹೋಗ್ತಾಳೆ. ಮುಗೀತು."

ಬಾಗಿಲ ಹಿಂದೆ ಒಬ್ದುಲಿಯಾ ಹೊಟ್ಟೆಯ ಮೇಲೆ ಶಾಲು ಎಳೆದುಕೊಂಡು ನಿಂತಿದ್ದಳು. ಆ ಹೊಟ್ಟೆಯಲ್ಲಿ ಫಿದೆನ್ಸಿಯೊನ ಕೂಸು ಇರುವುದು ಅವರಿಬ್ಬರಿಗೆ ಮತ್ತು ಎರ್ಮೆಲಿಂದಾಳಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಕ್ರೆಸೆನ್ಸಿಯೊ ಸಿಟ್ಟು ಬಂದರೆ ಮಚ್ಚು ಹಿಡಿಯುವ ಆಸಾಮಿ. ಹುಡುಗಿ ಬಸ್ಸು ಹತ್ತಿದರೆ ಮೊಮ್ಮಗುವಿನ ಮುಖ ನೋಡುವ ಆಸೆ ಬಿಟ್ಟಂತೆಯೇ ಎಂದು ಎರ್ಮೆಲಿಂದಾಳಿಗೆ ಎದೆ ಒಡೆಯಿತು.

ಅವಳು ಜೊತೆಗೆ ಬಂದಿದ್ದ ಮಗನನ್ನು ಬೇಲಿಯ ಹತ್ತಿರ ಎಳೆದಳು. "ಲೋ, ಇಲ್ಲಿಂದ ಕದಲಬೇಡ. ಬಸ್ಸು ಬಂದ್ರೆ ಚಕ್ರದ ಕೆಳಗೆ ಮಲಕ್ಕೋ."

"ನೀನೆಲ್ಲಿಗಮ್ಮ?"

"ಆ ಹಾಳು ಹಕ್ಕಿ ಹುಡುಕೋಕೆ."

ಆ ಹಕ್ಕಿಯ ಹಣೆಬರಹವೇ ಅಷ್ಟು. ಮನುಷ್ಯರು ಸಾಕಿ ಪಳಗಿಸಿದ್ದು ನಮ್ಮ ಮೆಕ್ಸಿಕೋದಲ್ಲಿ. ಸ್ಪೇನಿನವರು ಅದನ್ನು ಕಂಡು ತಮ್ಮ ನವಿಲಿನ ಹೆಸರನ್ನೇ ಎತ್ತಿ ಇಟ್ಟು 'ಪಾವೊ' ಎಂದರು. ಇಂಗ್ಲಿಷರು ಟರ್ಕಿಯದ್ದು ಎಂದರು, ಟರ್ಕಿಯವರು ಹಿಂದೂಸ್ತಾನದ್ದು ಎಂದರು, ಪೋರ್ಚುಗೀಸರು ಪೆರುವಿನ ತಲೆಗೆ ಕಟ್ಟಿದರು. ಇಲ್ಲಿಗೆ ಬಂದು ಒಂದು ಮಾತು ಕೇಳಬಾರದಿತ್ತೇ ಅನ್ನೋಣವೆಂದರೆ, ಇಲ್ಲಿ ನಾವೇ ಬೆಟ್ಟಕ್ಕೊಂದು ಹೆಸರಿಟ್ಟು ಕೂತಿದ್ದೇವೆ.

ಎರ್ಮೆಲಿಂದಾ ಸಿಕ್ಕ ಸಿಕ್ಕ ಬಾಗಿಲು ಬಡಿದಳು. ತೊತೊನಾಕ್ ಮಾತಿನಲ್ಲಿ ಆ ಹಕ್ಕಿಗೆ ಏನೆನ್ನುತ್ತಾರೋ ಅವಳಿಗೆ ಗೊತ್ತಿರಲಿಲ್ಲ. ತನ್ನ ಊರಿನ ಮಾತು ಹೇಳಿದರೆ ಹೆಂಗಸರು ತಲೆಯಾಡಿಸಿ ಒಳಗೆ ಹೋಗುತ್ತಿದ್ದರು. ಮೂಲೆಯ ಅಂಗಡಿಯ ಒಡತಿ ಅಂಪಾರೊಗೆ ಮಾತ್ರ ಸ್ಪ್ಯಾನಿಷ್ ಬರುತ್ತಿತ್ತು.

"ಎರಡು ಗ್ವಾಹೊಲೋತೆ ಬೇಕಿತ್ತು ಅಮ್ಮಾವ್ರೇ."

"ಪಾವೊ ಅನ್ನು. ಗ್ವಾಹೊಲೋತೆ ಅಂದ್ರೆ ಯಾರಿಗೋ ಪೆದ್ದು ಅಂತ ಬೈದ ಹಾಗಿರುತ್ತೆ."

"ಪಾವೋನೇ ಆಗ್ಲಿ. ಎಲ್ಲಿ ಸಿಗುತ್ತೆ, ಹೇಳಿ."

"ಎಲ್ಲಿಂದ ಬರುತ್ತೆ? ಹಬ್ಬದಲ್ಲಿ ಎಲ್ಲಾನೂ ತಿಂದು ತೇಗಿದೀವಿ."

ಬಿಸಿಲು ನೆತ್ತಿಯಿಂದ ಇಳಿಯುತ್ತಿತ್ತು. ಎರ್ಮೆಲಿಂದಾ ಬೀದಿಯ ನಡುವೆ ಕುಸಿದು ಕೂತಳು. ಕಂಕುಳಿನ ಹೇಂಟೆಗಳು ಕೊಕ್ಕೊಕ್ಕೊ ಎಂದವು. ಆಮೇಲೆ ಅವಳಿಗೆ ಏನಾಯಿತೋ, ಕೋಳಿಗಳನ್ನು ನೆಲಕ್ಕೆ ಬಿಟ್ಟು ಎದ್ದು ನಿಂತು, ಶಾಲನ್ನು ಬೆನ್ನ ಹಿಂದೆ ಬಾಲದಂತೆ ಹರಡಿ ಹಿಡಿದು, ಕತ್ತು ಮುಂದೆ ಚಾಚಿ ಗುಳುಗುಳುಗುಳು ಎಂದು ಗಂಟಲು ಹರಿಯುವಂತೆ ಕೂಗಿದಳು. ಎರಡು ಹೆಜ್ಜೆ ಹಾಕಿ ಮತ್ತೆ ಕೂಗಿದಳು. ಮಕ್ಕಳು ಕೇಕೆ ಹಾಕಿದರು. ಅಂಗಡಿಯ ಅಂಪಾರೊ ಶಿಲುಬೆ ಗುರುತು ಮಾಡಿಕೊಂಡಳು. ಕಣ್ಣೀರು ಗಲ್ಲದಿಂದ ತೊಟ್ಟಿಕ್ಕುತ್ತಿದ್ದರೂ ಎರ್ಮೆಲಿಂದಾ ಕೂಗುವುದನ್ನು ನಿಲ್ಲಿಸಲಿಲ್ಲ.

ಕಾಫಿ ಗಿಡಗಳ ಆಚೆಯಿಂದ ಒಂದು ಟರ್ಕಿ ಹುಂಜ ಉತ್ತರ ಕೊಟ್ಟಿತು. ಗುಳುಗುಳುಗುಳು!

ಅವಳು ಕೋಳಿಗಳನ್ನು ಬಾಚಿಕೊಂಡು ಓಡಿದಳು. ಬಿದಿರಿನ ಬೇಲಿಯ ಒಳಗೆ ಕಪ್ಪು ಹುಂಜವೊಂದು ರೆಕ್ಕೆ ಇಳಿಬಿಟ್ಟುಕೊಂಡು ತಿರುಗುತ್ತಿತ್ತು, ಪಕ್ಕದಲ್ಲಿ ಅದರ ಹೆಣ್ಣು. ಜೋಳ ಬಿಡಿಸುತ್ತಿದ್ದ ಮುದುಕಿ ತಲೆಯೆತ್ತಿದಳು. ಅವಳಿಗೆ ತೊತೊನಾಕ್ ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

"ಅಜ್ಜಿ, ಇವನ್ನ ಕೊಡಿ. ಈ ಎರಡೂ ಕೋಳಿ ಇಟ್ಕೊಳ್ಳಿ, ಓಲೆ ಇಟ್ಕೊಳ್ಳಿ." ಎರ್ಮೆಲಿಂದಾ ಕಿವಿಯ ಓಲೆ ಬಿಚ್ಚಿ ಚಾಚಿದಳು.

ಮುದುಕಿ ಓಲೆಯನ್ನು ಹಿಂದಕ್ಕೆ ತಳ್ಳಿದಳು. ಮರಿ ಮಾಡಿಸಲು ಇಟ್ಟುಕೊಂಡ ಜೋಡಿ, ಕೊಡುವುದಿಲ್ಲ ಎಂದು ಕೈಯಲ್ಲೇ ಹೇಳಿದಳು. ಬಸ್ಸಿನ ಹಾರನ್ನು ದೂರದಲ್ಲಿ ಕೇಳಿಸಿತು. ಎರ್ಮೆಲಿಂದಾಳಿಗೆ ದಾರಿ ಕಾಣಲಿಲ್ಲ. ಕ್ರೆಸೆನ್ಸಿಯೊನ ಮನೆಯ ಕಡೆ ಬೆರಳು ತೋರಿಸಿ "ಒಬ್ದುಲಿಯಾ" ಎಂದಳು. ಆಮೇಲೆ ತನ್ನ ಬತ್ತಿದ ಹೊಟ್ಟೆಯ ಮೇಲೆ ಅಂಗೈಯಿಂದ ಒಂದು ಉಬ್ಬು ಬರೆದು ತೋರಿಸಿದಳು. ಮಾಡಿದ ಮೇಲೆ ಭಯವಾಯಿತು.

ಮುದುಕಿ ಆ ಕೈಯನ್ನೇ ನೋಡಿದಳು. ಎದ್ದು ಹುಂಜವನ್ನು ಹಿಡಿದು ಕಾಲು ಕಟ್ಟಿ ಅವಳ ತೋಳಿಗೆ ಕೊಟ್ಟಳು. ಹೇಂಟೆಗಳನ್ನು ಬೇಲಿಯೊಳಗೆ ಬಿಟ್ಟು, ಹೆಣ್ಣು ಹಕ್ಕಿಯನ್ನು ತಾನೇ ಎತ್ತಿಕೊಂಡು ಮುಂದೆ ನಡೆದಳು.

ಬಸ್ಸು ಬಂದು ನಿಂತಿತ್ತು. ಫಿದೆನ್ಸಿಯೊ ನಿಜವಾಗಿಯೂ ಚಕ್ರದ ಮುಂದೆ ಕೂತಿದ್ದ. ಡ್ರೈವರು ಅವನ ಅಪ್ಪ ಅಜ್ಜ ಎಲ್ಲರನ್ನೂ ಬೈಯುತ್ತಿದ್ದ. ಎರ್ಮೆಲಿಂದಾ ಅಂಗಳಕ್ಕೆ ಹೋಗಿ ಹುಂಜವನ್ನು ಕ್ರೆಸೆನ್ಸಿಯೊನ ಕಾಲ ಬಳಿ ಇಟ್ಟಳು, ಮುದುಕಿ ಹೆಣ್ಣು ಹಕ್ಕಿಯನ್ನು ಇಟ್ಟಳು.

"ತಪ್ಪಾಯ್ತು ಯಜಮಾನ್ರೇ. ಮಾತು ತಪ್ಪಾಯ್ತು, ಮನಸ್ಸು ತಪ್ಪಿಲ್ಲ. ಕಾಲಿನ ಕಟ್ಟು ಬಿಚ್ಚಿ." ಹೆಣ್ಣಿನ ಅಪ್ಪ ತನ್ನ ಕೈಯಿಂದ ಹಕ್ಕಿಯ ಕಟ್ಟು ಬಿಚ್ಚಿದರೆ ಸಂಬಂಧ ಒಪ್ಪಿದಂತೆ. ಆ ಪದ್ಧತಿ ಎರಡೂ ಊರಿಗೆ ಒಂದೇ.

ಕ್ರೆಸೆನ್ಸಿಯೊ ಬಗ್ಗಲಿಲ್ಲ. "ಯಾಕೆ ಇಷ್ಟು ಅವಸರ ನಿಮಗೆ? ಊರೆಲ್ಲ ಹುಡುಕಿ ತರೋ ಅಂಥದ್ದು ಏನಾಗಿದೆ?"

ಎರ್ಮೆಲಿಂದಾ ಹುಂಜವನ್ನು ಇನ್ನೂ ಹತ್ತಿರ ಸರಿಸಿದಳು. ಅಷ್ಟರಲ್ಲಿ ಮುದುಕಿ ಅವನ ಹತ್ತಿರ ಹೋಗಿ ತೊತೊನಾಕಿನಲ್ಲಿ ಮೆಲ್ಲಗೆ ಏನೋ ಹೇಳಿದಳು. ಎರ್ಮೆಲಿಂದಾಳಿಗೆ ಅದರಲ್ಲಿ ಒಂದು ಪದವೂ ತಿಳಿಯಲಿಲ್ಲ. ತಿಳಿದದ್ದು ಅವನ ಮುಖ. ಕೈ ಗೋಡೆಯ ಮೇಲಿನ ಮಚ್ಚಿನ ಕಡೆ ಹೋಯಿತು. ಮುದುಕಿ ಅಡ್ಡ ನಿಂತಳು. ಕೈ ಅಲ್ಲೇ ನಿಂತು, ಕೆಳಗಿಳಿಯಿತು.

ಅವನು ಒಳಗೆ ಹೋಗಿ ಮಗಳ ಬಟ್ಟೆಗಂಟು ತಂದು ಎರ್ಮೆಲಿಂದಾಳ ಮುಂದೆ ಎಸೆದ. "ಕರ್ಕೊಂಡು ಹೋಗಿ."

"ಹೀಗೆ ಬೇಡ ಯಜಮಾನ್ರೇ. ಹಕ್ಕಿ ಬಿಚ್ಚಿ. ಹುಡುಗಿ ಗತಿಗೆಟ್ಟವಳ ಹಾಗೆ ಬರಬಾರದು. ನಿಮ್ಮ ಕಾಲಿಗೆ ಬೀಳ್ತೀನಿ."

ಅವನು ಒಬ್ದುಲಿಯಾಳನ್ನು ಹೊಸಿಲ ಹೊರಗೆ ಬಿಟ್ಟು ಬಾಗಿಲು ಹಾಕಿಕೊಂಡ. ಅಗುಳಿ ಬಿದ್ದ ಸದ್ದಾಯಿತು. ನೆಂಟರು ಒಬ್ಬೊಬ್ಬರಾಗಿ ಎದ್ದು ಹೋದರು. ಒಬ್ದುಲಿಯಾಳ ಸೋದರತ್ತೆ ಯಾರ ಮುಖವನ್ನೂ ನೋಡದೆ ಬಸ್ಸು ಹತ್ತಿದಳು. ಫಿದೆನ್ಸಿಯೊ ಎದ್ದು ದಾರಿ ಬಿಟ್ಟ, ಬಸ್ಸು ಹೊರಟಿತು.

ಒಬ್ದುಲಿಯಾ ಅಳಲಿಲ್ಲ. ಗಂಟನ್ನು ಪಕ್ಕಕ್ಕಿಟ್ಟು ಅಪ್ಪ ನಿಂತಿದ್ದ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಹುಂಜದ ಕಾಲಿನ ನಾರು ಬಿಗಿಯಾಗಿತ್ತು, ಹಲ್ಲಿನಿಂದ ಕಚ್ಚಿ ಎಳೆದಳು. ಕಟ್ಟು ಬಿಚ್ಚಿದರೂ ಹಕ್ಕಿ ಏಳಲಿಲ್ಲ. ಅವಳು ಅದರ ಎದೆಯ ಕೆಳಗೆ ಕೈ ಕೊಟ್ಟು, ಮೆಲ್ಲನೆ ಎತ್ತಿ, ಕಾಲ ಮೇಲೆ ನಿಲ್ಲಿಸಿದಳು.